ಗಿರಿಜಾಳ ಒಂದು, ಮೂರು, ಐದು

ಗಿರಿಜಾ, ನಿನ್ನ ಅಳತೆ ತಪ್ಪಿರಲಿಲ್ಲ. ತಪ್ಪೆಂದು ಟ್ಯೂಷನ್ ಸರ್ ಹೇಳಲೂ ಇಲ್ಲ. ಆ ಮಾತು ಹುಟ್ಟಿಸಿದವಳು ನಾನು.

ಆ ಮಧ್ಯಾಹ್ನ ನೆನಪಾದರೆ ಈಗಲೂ ಮೈ ಜುಮ್ಮೆನ್ನುತ್ತದೆ — ನಾಚಿಕೆಯಿಂದ ಮಾತ್ರ ಎಂದರೆ ಅದೂ ಸುಳ್ಳಾದೀತು. ಬನಹಟ್ಟಿಯ ನಿಮ್ಮ ಮನೆ, ಒಳಗೆ ಪವರ್‌ಲೂಮ್, ನಮ್ಮ ಮಡಿಲಲ್ಲಿ ಸಿಇಟಿಯ ಭೌತಶಾಸ್ತ್ರ. ವೇಗೋತ್ಕರ್ಷದ ಪಾಠ ಇಬ್ಬರಿಗೂ ಬರೀ ಅಕ್ಷರ. ನೀನು ಥಟ್ಟನೆ ಎದ್ದು ಕಟ್ಟೆಗೆ ಒಂದು ಹಲಗೆ ಓರೆಯಾಗಿ ಇಟ್ಟೆ — ಹಲಗೆಯೋ ಹಳೆಯ ಬಾಗಿಲೋ, ನೆನಪು ದಿನಕ್ಕೊಂದು ಹೇಳುತ್ತದೆ. ಮೇಲಿನಿಂದ ನೂಲು ಸುತ್ತುವ ಖಾಲಿ ಬಾಬಿನ್ ಉರುಳಬಿಟ್ಟೆ.

“ಮಗ್ಗದ ಬಡಿತ ಕೇಳಲೇ ಸುಶಿ. ಒಂದೊಂದ್ ಬಡಿತಕ್ಕ ಬಾಬಿನ್ ಎಲ್ಲಿರತೈತಿ, ಅಲ್ಲಿ ಗೀಟ್ ಹಾಕು.”

“ಒಡದ್ರ ನಿಮ್ಮಪ್ಪ ನನ್ನ ಬೈತಾನ.”

“ಬೈಲಿ. ನೀ ಹಾಕು.”

ಎಷ್ಟು ಸಲ ಉರುಳಿಸಿದೆವೋ. ಗೀಟಿನಿಂದ ಗೀಟಿಗೆ ಗೇಣು ಹಾಕಿ ಅಳೆದೆವು. ಮೊದಲ ಬಡಿತಕ್ಕೆ ಒಂದು ಗೇಣು, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಐದು — ಹಲಗೆ ಮುಗಿಯಿತು.

“ಮುಂದ ಏಳ. ಬರಲಿಲ್ಲಂದ್ರ ನನಗ ಹುಚ್ಚಿ ಅನ್ನು.”

ಸೂತ್ರಕ್ಕೆ ಹಾಕಿ ನೋಡಿದೆವು. ಏಳು! ಪುಸ್ತಕ ಬಿಸಾಕಿ ಇಬ್ಬರೂ ಕುಣಿದೆವು. ಅಂಥ ಸಂತೋಷ ನನಗೆ ಮತ್ತೆ — ಇಲ್ಲ, ಬರಲೇ ಇಲ್ಲ.

ಮರುದಿನ ನಿಮ್ಮಪ್ಪ ನೂಲು ತರಲು ಹೋಗಿದ್ದರು, ನೀನು ಮಗ್ಗಕ್ಕೆ ನಿಂತೆ. ಟ್ಯೂಷನ್ನಿನಲ್ಲಿ ನಾನೊಬ್ಬಳೇ ಅದನ್ನು ಬರೆದು ತೋರಿಸಿದೆ. ಧಾರವಾಡದ ಉಚಿತ ಕೋಚಿಂಗಿಗೆ ಸರ್ ಒಂದೇ ಹೆಸರು ಕಳಿಸಬೇಕಿತ್ತು.

“ಯಾರ ತೆಲಿಯಾಗ ಹೊಳೀತವಾ ಇದು?” ಎಂದರು ಸರ್.

“ನನಗ ರೀ ಸರ್.”

ನನ್ನ ಹೆಸರು ಅಲ್ಲೇ ಬರೆದುಕೊಂಡರು.

ಸಂಜೆ ನೀನು ಬಾಗಿಲಿಗೇ ಓಡಿ ಬಂದೆ. “ಸರ್ ಏನಂದ್ರಲೇ?”

ನೀನು ಅವರನ್ನೇ ಕೇಳಿಬಿಟ್ಟರೆ ನನ್ನ ಸುಳ್ಳು ಬಯಲಾಗುತ್ತದೆ — ಅಷ್ಟೇ ನನ್ನ ತಲೆಯಲ್ಲಿದ್ದದ್ದು. “ಮಗ್ಗದ ಬಡಿತ ಗಡಿಯಾರ ಅಲ್ಲಂತ. ಸುಮ್ನ ಹೊಂದಿ ಬಂದೇತಂತ” ಎಂದೆ.

ನೀನು ನಕ್ಕೆ. “ಹಂಗಾರ ಈ ವಿದ್ಯಾ ನಮಗ ಹತ್ತೂದಲ್ಲ ಬಿಡು.” ಹಲಗೆಯ ಗೀಟುಗಳನ್ನು ಒರೆಸಿದ್ದು ನೆನಪಿದೆ, ಅದು ನಾನೇ ಕಟ್ಟಿಕೊಂಡ ಚಿತ್ರವೂ ಇರಬಹುದು. ಆದರೆ ಆ ವರ್ಷ ನೀನು ಸಿಇಟಿ ಬರೆಯಲಿಲ್ಲ. ಅದು ಚಿತ್ರವಲ್ಲ. ನಾನು ಎಂಜಿನಿಯರ್ ಆದೆ.

ಈಗ ನಿನ್ನ ಮಗಳು ಹತ್ತನೆಯದು ಪಾಸಾಗಿದ್ದಾಳೆ, ಸೈನ್ಸ್ ಬೇಡ ಅನ್ನುತ್ತಾಳಂತೆ — “ನಮ್ಮವ್ವಗ ಹತ್ತಲಿಲ್ಲ, ನನಗೆಲ್ಲಿ ಹತ್ತತೈತಿ?” ಕಾಲೇಜಿನ ಅರ್ಜಿಗೆ ಸೋಮವಾರ ಕೊನೆಯ ದಿನ. ಭಾನುವಾರ ಬರುತ್ತೇನೆ. ಕ್ಷಮೆ ಕೇಳಲಿಕ್ಕಲ್ಲ, ಅದನ್ನು ಕೊಡುವುದು ಬಿಡುವುದು ನಿನಗೆ ಸೇರಿದ್ದು. “ಲೆಕ್ಕ ನಿಮ್ಮವ್ವನದು, ಸುಳ್ಳು ನನ್ನದು” ಎಂದು ಆ ಹುಡುಗಿಗೆ ಹೇಳಬೇಕು. ನೀನು ಒಳಗೆ ಕರೆಯದಿದ್ದರೆ ಓಣಿಯಲ್ಲೇ ನಿಂತು, ಅವಳಿಗೆ ಕೇಳಿಸುವಂತೆ ಹೇಳುತ್ತೇನೆ.