ಗೋಡೆಯ ಜೇನಿನ ಮೇಣ

ಪವರ್‌ಲೂಮುಗಳ ಖಟಪಟ. ರಬಕವಿಯ ನಮ್ಮ ಓಣಿಯಲ್ಲಿ ಕರೆಂಟು ಹೋದಾಗಷ್ಟೇ ನಾವೆಲ್ಲ ಮೆತ್ತಗೆ ಮಾತಾಡುತ್ತಿದ್ದೆವು. ಅಂಥ ಗದ್ದಲದ ಒಂದು ಸಂಜೆ ನನ್ನ ನಾದಿನಿ ಟೆಂಪೋದಿಂದ ಇಳಿದಳು, ಜೇನುಪೆಟ್ಟಿಗೆಯನ್ನು ಅವಚಿಕೊಂಡು.

ಬೀಳಗಿ ಕಡೆ ಹೊಳೆದಂಡೆಯ ಅವಳ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋಗುವುದಿತ್ತು. ಅದರ ಗೋಡೆಯ ಪೊಳ್ಳಿನಲ್ಲಿದ್ದ ಜೇನನ್ನು ತೀರಿಹೋದ ಗಂಡ ಬಹಳ ಜತನ ಮಾಡಿದ್ದ. ಈಗ ಅವಳು ಜೇನುಹುಟ್ಟು ಕೊಯ್ದು, ಮರಿಯಿದ್ದ ತುಂಡುಗಳನ್ನು ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟಿ, ಹಳೆಯ ಹಲಗೆ ಬಡಿದು ಮಾಡಿದ ಪೆಟ್ಟಿಗೆಗೆ ಹುಳ ತುಂಬಿ ತಂದಿದ್ದಳು. ಬದಲಿಗೆ ಅವಳಿಗೆ ಮನೆ ಕೊಟ್ಟ ಹೊಸ ಕಾಲೋನಿಯಲ್ಲಿ ಒಂದು ಗಿಡವೂ ಇರಲಿಲ್ಲ. ನಮ್ಮ ಹಿತ್ತಲಲ್ಲಿ ನುಗ್ಗೆ ಹೂಬಿಟ್ಟಿತ್ತು.

"ವೈನಿ, ಮನಿ ಹೋದ್ರ ಹೋಗ್ಲಿ. ಇವೂ ಹೋದ್ರ ಅವರಿಗೆ ನಾ ಏನಂತ ಹೇಳ್ಲಿ?"

ಮರುದಿನವೇ ಹುಳಗಳು ಪೆಟ್ಟಿಗೆ ಬಿಟ್ಟು ನುಗ್ಗೆಯ ಟೊಂಗೆಗೆ ಜೋತುಬಿದ್ದವು. "ಹಲಗಿ ವಾಸನಿ ಒಗ್ಗಿಲ್ಲ" ಎಂದಳು. ಹಳೆಯ ಹುಟ್ಟಿನ ಖಾಲಿ ತುಂಡುಗಳನ್ನು ಗಂಟು ಕಟ್ಟಿ ತಂದಿದ್ದಳು. ಮೇಣ ತೆಗೆಯಲು ಅವನ್ನು ಡಾಲ್ಡಾ ಡಬ್ಬಿಯ ನೀರಿನಲ್ಲಿ ಕಾಯಿಸಿದೆವು.

ಸೋಸಲು, ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ನಮ್ಮ ಯಜಮಾನರು ಪಕ್ಕದ ಮಗ್ಗದಿಂದ ಹೊಚ್ಚ ಹೊಸ ಅರಿವೆ ತಂದರು. "ಫಿಲ್ಟರ್ ಅಂದ್ರ ಕ್ಲೀನ್ ಇರಬೇಕು." ಬಿಸಿನೀರು ತಾಗಿದ್ದೇ ಅರಿವೆಯ ಗಂಜಿ ಕರಗಿ ಎಲ್ಲ ಅಂಟಂಟಾಯಿತು, ಒಂದು ಹನಿ ಇಳಿಯಲಿಲ್ಲ.

"ಅಣ್ಣಾ, ಬ್ಯಾಂಕಿನ್ಯಾಗೂ ಹಿಂಗ ಗಂಜಿ ಕಾಸ್ತಿದ್ದಿಯೇನು?" ಎನ್ನುತ್ತಲೇ ಅವರ ಹಳೆಯ ಧೋತರ ಎಳೆದು ಅವರೆದುರೇ ಪರ್ ಎಂದು ಹರಿದಳು. ಅದರಲ್ಲಿ ಹಿಂಡಿದೆವು. ಹೊತ್ತಿಳಿಯುವುದರೊಳಗೆ ಆರಿದ ನೀರಿನ ಮೇಲೆ ಮೇಣದ ಹಳದಿ ಬಿಲ್ಲೆ ಗಟ್ಟಿಯಾಗಿ ಕೂತಿತ್ತು.

ಅದನ್ನು ಬಿಸಿ ಮಾಡಿ ಪೆಟ್ಟಿಗೆಯ ಒಳಗೆಲ್ಲ ಸವರಿದೆವು. ಕಾನ್ವೆಂಟಿನಲ್ಲಿ ಓದಿದ ನನಗೆ ಚಾಪೆಲ್ಲಿನ ಕ್ಯಾಂಡಲ್ ನೆನಪಾಯಿತು. ಅವಳು ಮೂಗು ಹತ್ತಿರ ಒಯ್ದು, "ನಮ್ಮ ಗೋಡಿ ವಾಸನಿ" ಎಂದಳು. ಕತ್ತಲಾಗುವ ಮೊದಲು ಟೊಂಗೆಯ ಹುಳಗಳನ್ನು ಅದರೊಳಗೆ ಇಳಿಸಿದಳು.

ಬೆಳಿಗ್ಗೆ ಇಬ್ಬರೂ ಹಿತ್ತಲಲ್ಲಿ ಕೂತೆವು. ಚಹಾ ಆರಿಹೋಯಿತು. ಕಡೆಗೆ ಒಂದು ಹುಳ ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡು ಬಂದು, ಪೆಟ್ಟಿಗೆಯ ಬಾಗಿಲಲ್ಲಿ ನಿಂತು, ಒಳಗೆ ಹೋಯಿತು.

"ಬುತ್ತಿ ತಂತು ನೋಡ್ರಿ. ಇನ್ನ ಹೋಗೂದಿಲ್ಲ."

ಹೋಗಲಿಲ್ಲ. ಮುಂದೆ ವರ್ಷವರ್ಷವೂ ನಾನೇ ಹಳೆಯ ಹುಟ್ಟು ಕರಗಿಸಿದೆ. ಹೊಲಿಗೆಯ ದಾರಕ್ಕೆ, ಒಡೆದ ಹಿಮ್ಮಡಿಗೆ, ಹೊಸ ಚೌಕಟ್ಟಿಗೆ ಅದೇ ಮೇಣ. ನಮ್ಮ ಯಜಮಾನರು ಹೋದ ಮೇಲೆ ಬೆಳಿಗ್ಗೆ ಎದ್ದು ನೋಡಲು ನನಗೊಂದು ಬಾಗಿಲು ಇತ್ತಲ್ಲ, ಅದು ಅವಳು ಕೊಟ್ಟದ್ದು. ಥ್ಯಾಂಕ್ಸ್ ಎಂದರೆ, "ಇಂಗ್ಲಿಷ್‌ನ್ಯಾಗ ಬೈಬ್ಯಾಡ್ರಿ ವೈನಿ" ಎನ್ನುತ್ತಿದ್ದಳು.

ಅವಳ ಕಾಲೋನಿಯಲ್ಲಿ ನೆಟ್ಟ ಬೇವುಗಳು ಹೂಬಿಟ್ಟ ವರ್ಷ ಬಂದು, ಹೊಸದೊಂದು ಪೆಟ್ಟಿಗೆಗೆ ನನ್ನ ಕೈಲೇ ಮೇಣ ಸವರಿಸಿಕೊಂಡಳು. ಹಾರಿಬಂದ ಯಾವುದಾದರೂ ಜೇನಿನ ಹಿಂಡು ಸೇರಲಿ ಎಂದು ಅಂಗಳದಲ್ಲಿ ಇಡುವವಳಿದ್ದಳು. ಲೋಕಾಪುರದ ಬಸ್ಸು ಹತ್ತಿಸಲು ಹೋದೆ. ಕಿಟಕಿಯ ಸೀಟಿನಲ್ಲಿ ಪೆಟ್ಟಿಗೆಯನ್ನು ಕೂರಿಸಿ ತಾನು ಈಚೆ ಕೂತಳು.

"ಏನೈತಿ ಆಯಿ ಇದರಾಗ?" ಕಂಡಕ್ಟರ್ ಕೇಳಿದ.

"ಖಾಲಿ ಐತಪಾ. ಇರೋರು ಇನ್ನ ಬರಬೇಕು."

ಬಸ್ಸು ಹೊರಟಿತು. ಅವಳನ್ನು ನಾನು ನೋಡಿದ್ದು ಅದೇ ಕಡೆಯ ಸಲ.