ಭದ್ರಮ್ಮನ ತೋಟದ ಗಾಳಿಕಂಬ

ನೇತ್ರಾವತಿ ಕೂತಲ್ಲಿ ಕೂರುವವಳಲ್ಲ. ಮದುವೆಮನೆಯ ಎಲೆ ಮುಂದೆ ಕೂತರೂ ಅವಳ ಜೀವ ಯಾವುದೋ ಕಂಬದ ಮೇಲೆ ನೇತಾಡುತ್ತಿರುತ್ತದೆ. ತುಮಕೂರಿನ ಒಂದು ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಗಾಳಿಯ ಅಮೋನಿಯಾ ಹೀರಿಕೊಳ್ಳುವಂತೆ ಆಮ್ಲದಲ್ಲಿ ನೆನೆಸಿದ ಪುಟ್ಟ ಫಿಲ್ಟರ್ ಕಾಗದವನ್ನು ಊರ್ಡಿಗೆರೆ, ಗುಬ್ಬಿ, ಕುಣಿಗಲ್ ಕಡೆಯ ಕಂಬಗಳಿಗೆ ಕಟ್ಟಬೇಕು, ಹದಿನೈದು ದಿನ ಬಿಟ್ಟು ಬಿಚ್ಚಿ ತರಬೇಕು. ಆ ಅಮೋನಿಯಾ ದನದ ಕೊಟ್ಟಿಗೆಯದೋ, ಯೂರಿಯಾದ್ದೋ, ಹೆದ್ದಾರಿಯ ಹೊಗೆಯದೋ ಎಂದು ಅದರ ನೈಟ್ರೋಜನ್ ಐಸೊಟೋಪ್ ನೋಡಿ ಪತ್ತೆ ಹಚ್ಚುತ್ತಾರೆ. ಬೆವರುಗೈ ತಾಕಿದರೂ ಲೆಕ್ಕ ಕೆಟ್ಟೀತು. ಹಾಗಾಗಿ ಸ್ಕೂಟರ್ ನಿಲ್ಲಿಸಿ ನಿಲ್ಲಿಸಿ ಕಾಗದವಿಟ್ಟ ಡಬ್ಬಿಯ ಮುಚ್ಚಳ ಒತ್ತಿ ನೋಡುವ ಹುಚ್ಚು ಅವಳಿಗೆ.

ಈ ಸಲ ಅದು ಇನ್ನೂ ಹೆಚ್ಚಿತ್ತು. ರಾಗಿ ಹೊಲಗಳಿಗೆ ಯೂರಿಯಾ ಬೀಳುವ ದಿನಗಳು. ಗುಬ್ಬಿಯ ಕಾಗದ ಈಗ ಕೆಟ್ಟರೆ ಮತ್ತೆ ಮುಂದಿನ ವರ್ಷವೇ. ಆ ಕಂಬ ಇದ್ದದ್ದು ಭದ್ರಮ್ಮನ ತೆಂಗಿನ ತೋಟದಲ್ಲಿ, ಕೊಟ್ಟಿಗೆಯ ಗಾಳಿ ತಗಲದಿರಲೆಂದು ತೀರಾ ಆಚೆ ತುದಿಯಲ್ಲಿ. ಭದ್ರಮ್ಮನ ಗಂಡ ಚಿಕ್ಕಬೋರಯ್ಯ ತೀರಿಕೊಂಡು ಮೂರು ದಿನವಾಗಿತ್ತು. ಹಿಂದಿನ ದಾರಿಯಿಂದ ತೋಟಕ್ಕೆ ಬಂದ ನೇತ್ರಾವತಿಗೆ ಸುದ್ದಿ ತಿಳಿದಿರಲಿಲ್ಲ. ಗ್ಲೌಸ್ ತೊಟ್ಟು ಹೊಸ ಕಾಗದ ಎತ್ತಿಕೊಂಡ ಹೊತ್ತಿಗೆ ಭದ್ರಮ್ಮ ಅಳುತ್ತಾ ಬಂದು ಅವಳ ಕೈ ಹಿಡಿಯಹೋದಳು.

"ಮುಟ್ಬೇಡಿ ಅಮ್ಮ," ಅಂದುಬಿಟ್ಟಳು ನೇತ್ರಾವತಿ, ಹಿಂದಕ್ಕೆ ಸರಿದು.

ಭದ್ರಮ್ಮ ಸೆರಗು ಮುದುರಿಕೊಂಡು ನಿಂತಲ್ಲೇ ನಿಂತಳು. ಅಲ್ಲಿಂದಲೇ ಗಂಡ ಹೋದ ಸುದ್ದಿ ಹೇಳಿದಳು. ನೇತ್ರಾವತಿ ಸಮಾಧಾನದ ಎರಡು ಮಾತು ಆಡಿ, ಕಾಗದ ಕಟ್ಟಿ, ಕುಣಿಗಲ್ಲಿಗೆ ಹೊತ್ತಾಯಿತೆಂದು ಹೊರಟೇಬಿಟ್ಟಳು. ಅದೇನು ಅವಸರವೋ. ಆಮೇಲೆ ಅವಳಿಗೆ ಸರಿಯಾಗಿ ನಿದ್ದೆ ಬರಲಿಲ್ಲ ನಿಜ, ಆದರೆ ನಿದ್ದೆ ಕೆಡಿಸಿದ್ದು ಕಾಗದದ ಚಿಂತೆಯೇ.

ಬಿಚ್ಚಲು ಬಂದ ದಿನ ದೂರದಿಂದಲೇ ಘಾಟು ಮೂಗಿಗೆ ಬಡಿಯಿತು. ಕಂಬದ ಬುಡದಿಂದ ಮೇಲೆ ಕಾಗದಕ್ಕೆ ಮರೆಯಾಗಿದ್ದ ತಗಡಿನವರೆಗೂ ಒದ್ದೆ.

"ಯಾರಮ್ಮ ಇಲ್ಲಿ ಗಂಜಲ ಹಾಕಿದ್ದು?"

"ನಾನೇ ಕಣವ್ವ," ಅಂದಳು ಭದ್ರಮ್ಮ, ಮಾರು ದೂರದಲ್ಲೇ ನಿಂತು. "ತಿಥಿ ಆಯ್ತಲ್ಲ, ಮನೆಗೆಲ್ಲ ಚಿಮುಕಿಸ್ದೆ. ನಿನ್ ಕಂಬಕ್ಕೂ ಹೊತ್ಕಂಡ್ ಬಂದು ಹುಯ್ದೆ. ನೀನ್ ಬರೋ ದಿನ ಅಂತ ಇವತ್ತೂ ಹುಯ್ದಿವ್ನಿ. ಅವತ್ತು ಸೂತಕ ಅಂತ ಹಿಂದಕ್ ಸರುದ್ಯಲ್ಲ. ಈಗ ಮುಟ್ಬೋದಾ?"

ವರ್ಷದ ಕಾಗದ ಹೋಯಿತೆಂಬ ಸಂಕಟ ನೇತ್ರಾವತಿಯ ಬಾಯಿಯವರೆಗೂ ಬಂದಿತ್ತು. ನಾನು ಸರಿದದ್ದು ಸೂತಕಕ್ಕಲ್ಲ, ಈ ಕಾಗದಕ್ಕೆ ಎಂದು ಹೇಳಿದರೆ ಅದು ಇನ್ನೂ ಕೆಟ್ಟ ಮಾತು ಎಂದು ಆಗ ಹೊಳೆಯಿತು. ನಾಚಿಕೆಯಾಯಿತು. ಗ್ಲೌಸ್ ಕಿತ್ತು ಬಿಸಾಡಿ, ಹೋಗಿ ಭದ್ರಮ್ಮನ ಎರಡೂ ಕೈ ಹಿಡಿದುಕೊಂಡಳು.

"ಏನಾಗಿತ್ತಮ್ಮ ಯಜಮಾನ್ರಿಗೆ?" ಎಂದು ಕೇಳಿದಳು.