ಅತ್ತೆ ಓದಿಸಿದ ಕುಸ್ತಿ

ನಮ್ಮ ಅತ್ತೆಯ ಮೂಗು ಎಡಗಡೆಗೆ ವಾಲಿತ್ತು. ಮಾತಾಡಿದರೆ ಸಣ್ಣಗೆ ಸೀಟಿ ಹೊಡೆದಂಥ ಸದ್ದು. ಹುಟ್ಟಿನಿಂದ ಬಂದದ್ದಲ್ಲ, ಮಹಾರಾಷ್ಟ್ರದ ವೈಜಾಪುರದಲ್ಲಿ ಕೂಲಿಗಿದ್ದಾಗ ಗಂಡ ಒಲೆ ಊದುವ ಕೊಳವೆಯಿಂದ ಹೊಡೆದು ಮುರಿದದ್ದು. ರಕ್ತ ಸೋರುವ ಮೂಗಿಗೆ ಸೆರಗು ಒತ್ತಿಕೊಂಡೇ ಬಸ್ಸು ಹತ್ತಿ, ನಾಸಿಕ್ ಹತ್ತಿರದ ಸಿನ್ನರ್‌ನಲ್ಲಿ ಕಾರ್ಖಾನೆ ಕಟ್ಟುವ ಕೆಲಸಕ್ಕಿದ್ದ ತನ್ನ ತಮ್ಮನ, ಅಂದರೆ ನನ್ನಪ್ಪನ, ತಗಡಿನ ಶೆಡ್ಡಿಗೆ ಬಂದಿದ್ದಳು. ಮರುದಿನವೇ ಬುಟ್ಟಿ ಹೊತ್ತು ಕಾಂಕ್ರೀಟ್ ಕೆಲಸಕ್ಕೆ ನಿಂತಳು.

ನನಗೋ ಆಗ ಓದು ಎಂದರೆ ಮೈಯೆಲ್ಲ ಉರಿ. ಮರಾಠಿ ಶಾಲೆಯ ಮೇಡಂ ಸೋತು, ನನ್ನಂಥವರಿಗೆಂದೇ ಇಟ್ಟಿದ್ದ ಚಿತ್ರಪುಸ್ತಕವೊಂದನ್ನು ಕೈಗೆ ತುರುಕಿದರು. ಟೀವಿ ಕುಸ್ತಿಯ ಹೆಸರಾಂತ ಪೈಲ್ವಾನನೊಬ್ಬನ ಜೀವನಕಥೆ. ಪುಟಪುಟಕ್ಕೂ ಹೊಡೆದಾಟ. ತಲೆಗೆ ಕುರ್ಚಿ, ಬೆನ್ನಿಗೆ ಏಣಿ, ಹಣೆಯಿಂದ ರಕ್ತ. ಅತ್ತೆಗೆ ಅಕ್ಷರ ಬಾರದು, ಮರಾಠಿಯೂ ಅಷ್ಟಕ್ಕಷ್ಟೇ. ಆದರೆ ಆ ಚಿತ್ರ ಕಂಡದ್ದೇ ತಡ, ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದಳು.

"ಏನ್ ಬರದಾರ, ಓದಿ ನಮ್ ಮಾತಿನಾಗ ಹೇಳ್. ಇಲ್ಲಂದ್ರ ರೊಟ್ಟಿ ಇಲ್ಲ ನೋಡ್."

ಹಸಿವಿಗೆ ಓದಿದೆ. ತಡವರಿಸಿದರೆ ತಲೆಗೊಂದು ಮೊಟಕು. ಹೊಡೆದಾಟ ಬಂದರೆ "ಹಾಕು ಅವನಿಗಿ! ಇನ್ನೊಂದ್ ಹಾಕು!" ಎಂದು ತೊಡೆ ತಟ್ಟುತ್ತಿದ್ದಳು. ಶಿವನೇ, ಪಕ್ಕದ ಶೆಡ್ಡಿನವರು ನಮ್ಮಲ್ಲೇ ಜಗಳವೆಂದು ಓಡಿ ಬಂದದ್ದೂ ಉಂಟು.

ಒಂದು ಪುಟದಲ್ಲಿ ಮಾತ್ರ ಅವಳು ತೊಡೆ ತಟ್ಟುವುದನ್ನು ಬಿಟ್ಟು ಪುಸ್ತಕದತ್ತ ಬಾಗಿದಳು. ಪೈಲ್ವಾನರಿಬ್ಬರೂ ಮೊದಲೇ ಮಾತಾಡಿಕೊಂಡು ಕುಸ್ತಿಗಿಳಿಯುತ್ತಾರೆ, ನಿಜವಾಗಿ ಪೆಟ್ಟಾದವನು ಕಿವಿಯಲ್ಲಿ ಹೇಳಿದರೆ ಎದುರಾಳಿ ತಟ್ಟನೆ ಕೈ ಬಿಡುತ್ತಾನೆ ಎಂದು ಅಲ್ಲಿ ಬರೆದಿತ್ತು.

"ಸಾಕು ಅಂದ್ರ ಬಿಡ್ತಾನ?"

"ಹೂಂ ಅತ್ತಿ."

"ಅಷ್ಟು ದೊಡ್ಡ ಗಂಡಸು? ಸುಳ್ ಹೇಳಬ್ಯಾಡ. ಮತ್ತ ಓದು."

ಆ ಪುಟ ನನಗೆ ಬಾಯಿಪಾಠವಾಗುವವರೆಗೂ ಓದಿಸಿದಳು. ನನಗೆ ಓದು ಹತ್ತಿದ್ದೇ ಅಲ್ಲಿ.

ದೀಪಾವಳಿಯ ಹೊತ್ತಿಗೆ ಅವಳ ಗಂಡ, ನಮ್ಮ ಮಾಮಾ, ಅವಳನ್ನು ಎಳೆದೊಯ್ಯಲು ಬಂದ. ಅಪ್ಪ ಕೆಲಸದ ಮೇಲಿದ್ದ. ಬಂದವನೇ ತುರುಬು ಹಿಡಿದು ನೆಲಕ್ಕೆ ಕೆಡವಿ ಹೊಟ್ಟೆಗೆ ಒದ್ದ. ಅತ್ತೆ ಬಿದ್ದಲ್ಲಿಂದಲೇ "ಸಾಕು" ಎಂದಳು. ಮತ್ತೆ ಒದ್ದ. "ಸಾಕು ಅಂದ್ನಿ" ಎಂದಳು. ಅವನು ನಗುತ್ತ ಕಾಲೆತ್ತಿದ. ಅವಳ ಕೈಗೆ ಗಾರೆ ಕಲಸುವ ಸಲಿಕೆ ಸಿಕ್ಕಿತು. ಮೊಣಕಾಲಿಗೆ ಬೀಸಿದಳು. ಎಲುಬು ಮುರಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅತ್ತೆ ಎದ್ದು ನಿಂತು ಸಲಿಕೆಯನ್ನು ಮತ್ತೆ ಎತ್ತಿದಾಗ ಅವನು "ಸಾಕು, ಸಾಕು" ಎಂದು ಕಿರುಚಿದ. ಅವಳು ಸಲಿಕೆ ಕೆಳಗಿಟ್ಟಳು.

"ನಾ ಬಿಟ್ಟೆ ನೋಡು" ಎಂದಳು.

ಅಂದಿನಿಂದ ನಮ್ಮೊಂದಿಗೇ ಇದ್ದ ಅತ್ತೆ ಹೋದ ವರ್ಷ ನಾಸಿಕ್‌ನ ದವಾಖಾನೆಯಲ್ಲಿ ತೀರಿಕೊಂಡಳು. ಸಿಮೆಂಟಿನ ಧೂಳು ಅವಳ ಎದೆಯನ್ನು ತಿಂದಿತ್ತು. ಹೆಣ ಮನೆಗೆ ಬಂದಾಗ ಮಾಮಾ ಕುಂಟುತ್ತ ಹಾಜರು! ಕೈಯಲ್ಲಿ ಹಸಿರು ಸೀರೆ, ಕುಂಕುಮ. ಮುತ್ತೈದೆಯಾಗಿ ಸತ್ತಿದ್ದಾಳೆ, ಹಣೆಗೆ ಗಂಡನ ಕೈಯ ಕುಂಕುಮ ಬೇಕು ಎಂದ. ಹಿರಿಯರೂ "ಹಚ್ಚಲಿ ಬಿಡವಾ" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಬಾಗಿಲಿಗೆ ಅಡ್ಡ ನಿಂತೆ.

"ಆಕಿಗಿ ಮುಟ್ಟಬ್ಯಾಡ್ರಿ ಮಾಮಾ."

ಕೆನ್ನೆಗೆ ಬಾರಿಸಿದ. ತುಟಿ ಸೀಳಿ ಬಾಯಲ್ಲಿ ರಕ್ತ ತುಂಬಿತು. ನಾನು ಕದಲಲಿಲ್ಲ. ಕೊನೆಗೆ ಅಪ್ಪ ಎದ್ದು ಬಂದು ನನ್ನ ಪಕ್ಕ ನಿಂತ. ಮಾಮಾ ಕುಂಕುಮ ಹಿಡಿದುಕೊಂಡೇ ಮೆಟ್ಟಿಲಿಳಿದು ಹೋದ.

ಅತ್ತೆಯ ಹಣೆಗೆ ನಾನೇ ವಿಭೂತಿ ಹಚ್ಚಿದೆ.